ರಸೀದಿಯ ಮೇಲಿನ ತಾರೀಕು

ಹೋದ ವರ್ಷ ಒಂದು ಪತ್ರಿಕೆಯ ವಿಶೇಷ ಸಂಚಿಕೆಗೆ ಶಾಲೆಯ ದಿನಗಳ ಬಗ್ಗೆ ಬರೆದುಕೊಟ್ಟಿದ್ದೆ. ಎರಡು ಪುಟದ ಬರಹ. ಅದರ ನಡುವೆ ಒಂದು ಪ್ರಸಂಗ. ಒಂಬತ್ತನೇ ತರಗತಿಯ ಪ್ರಯೋಗಾಲಯ. ನೀರು ಕಾಯಿಸಿ ಎರಡು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಬೇಕು. ಇಬ್ಬರಿಗೆ ಒಂದು ಥರ್ಮಾಮೀಟರ್. ನನ್ನ ಜೊತೆಗಿದ್ದ ಹುಡುಗಿ ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಳು. ನನ್ನ ಮೊಣಕೈ ತಾಗಿ ಥರ್ಮಾಮೀಟರ್ ಉರುಳಿ ಕೆಳಗೆ ಬಿತ್ತು. ಗಾಜು ಒಡೆದ ಸದ್ದು ಅಷ್ಟೇನೂ ಜೋರಾಗಿರಲಿಲ್ಲ. ಆದರೆ ಪಾದರಸ ಗುಂಡು ಗುಂಡಾಗಿ ನೆಲದ ಮೇಲೆ ಓಡಿತು. ಒಂದು ಗುಂಡು ಬೆಂಚಿನ ಕಾಲಿಗೆ ತಾಗಿ ನಾಲ್ಕಾಯಿತು. ಆ ನಾಲ್ಕರಲ್ಲಿ ಎರಡು ಮತ್ತೆ ಹತ್ತಿರ ಬಂದು ಒಂದಾದವು. ಮೇಷ್ಟ್ರು ಬಂದು ‘ಯಾರು?’ ಅಂದರು. ನಾನು ಬಾಯಿ ಬಿಡಲಿಲ್ಲ. ಥರ್ಮಾಮೀಟರ್ ಅವಳ ಹೆಸರಿನಲ್ಲಿ ತಂದದ್ದು. ಅವಳನ್ನೇ ಹೊರಗೆ ನಿಲ್ಲಿಸಿದರು.

ಮುಂದಿನದನ್ನು ನಾನು ಹೀಗೆ ಬರೆದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಮೇಷ್ಟ್ರ ಹತ್ತಿರ ಹೋಗಿ ‘ಒಡೆದದ್ದು ನಾನು ಸಾರ್’ ಅಂದೆ. ಅವರು ಏನೂ ಬೈಯಲಿಲ್ಲ. ಬೆನ್ನು ತಟ್ಟಿ ಕಳಿಸಿದರು. ನಿಜ ಹೇಳುವುದು ಎಷ್ಟು ಹಗುರ ಅಂತ ಅವತ್ತು ಗೊತ್ತಾಯಿತು. ಬರಹ ಅಲ್ಲಿಗೆ ಮುಗಿದಿತ್ತು. ಓದಿದವರು ತುಂಬಾ ಇಷ್ಟಪಟ್ಟರು. ಮಕ್ಕಳಿಗೆ ಓದಿ ಹೇಳಿದೆವು ಅಂತ ಇಬ್ಬರು ಮೂವರು ಹೇಳಿದರು. ನನಗೂ ಖುಷಿಯಾಗಿತ್ತು.

ಮೂರು ವಾರದ ಮೇಲೆ ಒಂದು ಫೋನ್ ಬಂತು. ಅದೇ ಹುಡುಗಿ. ಈಗ ಅವಳಿಗೂ ನನ್ನಷ್ಟೇ ವಯಸ್ಸು, ತಲೆ ನರೆತಿರಬೇಕು. ಯಾರೋ ಅವಳಿಗೆ ಸಂಚಿಕೆ ಕೊಟ್ಟಿದ್ದರಂತೆ. ಬಹಳ ವರ್ಷದ ಮೇಲೆ ಮಾತಾಡುತ್ತಿದ್ದೆವು. ಮನೆ, ಆರೋಗ್ಯ, ಮಕ್ಕಳು ಎಲ್ಲ ಕೇಳಿ ಮುಗಿಯಿತು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: ‘ಚೆನ್ನಾಗಿ ಬರೆದಿದ್ದೀಯ. ಆದರೆ ನೀನು ಹೇಳಿರಲಿಲ್ಲ ಅಲ್ವಾ?’

ನಾನು ‘ಹೇಳಿದ್ದೆ ಕಣೇ’ ಅಂದೆ. ಅದು ಸುಳ್ಳು ಅಂತ ನನಗೆ ಆ ಕ್ಷಣದಲ್ಲಿ ಅನಿಸಲೇ ಇಲ್ಲ. ಮೇಷ್ಟ್ರು ಬೆನ್ನು ತಟ್ಟಿದ ಕೈ ಈಗಲೂ ಬೆನ್ನ ಮೇಲೆ ಇದೆ ಅನ್ನುವಷ್ಟು ನೆನಪಿತ್ತು. ಅವಳು ವಾದ ಮಾಡಲಿಲ್ಲ. ‘ಇರಬಹುದು. ನಾನು ಕಾಯ್ತಾ ಇದ್ದೆ, ಅದಕ್ಕೆ ನೆನಪಿದೆ’ ಅಂದು ಬೇರೆ ಮಾತಿಗೆ ಹೋದಳು. ಎರಡು ದಿನ ಬಿಟ್ಟು ಒಂದು ಫೋಟೋ ಕಳಿಸಿದಳು. ಅವಳ ತಂದೆ ಎಲ್ಲ ಕಾಗದವನ್ನೂ ಜೋಪಾನ ಮಾಡಿ ಇಡುತ್ತಿದ್ದವರು. ಅವರ ಹಳೇ ಫೈಲಿನಲ್ಲಿ ಸಿಕ್ಕ ರಸೀದಿ. ಅಂಚು ಹಳದಿಯಾಗಿತ್ತು, ಮಡಿಕೆ ಬಿದ್ದ ಕಡೆ ಶಾಯಿ ಅಳಿಸಿತ್ತು. ಶಾಲೆಯ ಮೊಹರು. ಅವಳ ಹೆಸರು. ‘ಥರ್ಮಾಮೀಟರ್ ಒಡೆದ ಬಾಬ್ತು ದಂಡ’. ತಾರೀಕು, ಘಟನೆ ನಡೆದು ಹದಿನಾರು ದಿನದ ಮೇಲಿನದು. ಪ್ರಯೋಗ ಮಾಡಿದ ದಿನ ಅವಳ ರೆಕಾರ್ಡ್ ಪುಸ್ತಕದಲ್ಲಿತ್ತು. ಅದರದೂ ಫೋಟೋ ಕಳಿಸಿದ್ದಳು. ನಾನು ಮಾರನೇ ದಿನವೇ ಒಪ್ಪಿಕೊಂಡಿದ್ದರೆ, ಹದಿನಾರು ದಿನದ ಮೇಲೆ ಅವಳ ತಂದೆ ಯಾಕೆ ದಂಡ ಕಟ್ಟುತ್ತಿದ್ದರು?

ಆ ರಸೀದಿ ನೋಡಿದ ಮೇಲೆ ಸುಮಾರು ಹೊತ್ತು ಏನೂ ಮಾಡಲಾಗಲಿಲ್ಲ. ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ನನ್ನ ಬದುಕಿನ ಕತೆ ನನ್ನದು, ಹೇಗೆ ಬೇಕಾದರೂ ಹೇಳಬಹುದು ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಆದರೆ ನನ್ನ ಕತೆಯೊಳಗೆ ಬೇರೆಯವರೂ ಇದ್ದಾರೆ. ಅವರ ತಂದೆ ಕಟ್ಟಿದ ದಂಡವೂ ಅದರೊಳಗೇ ಇದೆ.

ಬೆನ್ನ ಮೇಲಿನ ಕೈ

ಮೊದಲು ನನ್ನನ್ನು ಕಾಡಿದ್ದು ಆ ಕೈ. ನಡೆಯದೇ ಇದ್ದದ್ದು ಅಷ್ಟು ಸ್ಪಷ್ಟವಾಗಿ ಹೇಗೆ ನೆನಪಿರುತ್ತದೆ? ಓದುತ್ತಾ ಹೋದಾಗ ನೆನಪಿನ ಬಗ್ಗೆ ನಡೆದ ಕೆಲವು ಪ್ರಯೋಗಗಳು ಸಿಕ್ಕವು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಸಣ್ಣ ಚಲನಚಿತ್ರ ತೋರಿಸಿದರು. ಆಮೇಲೆ ಒಂದು ಗುಂಪಿಗೆ ‘ಕಾರುಗಳು ಒಂದಕ್ಕೊಂದು ತಾಗಿದಾಗ ಎಷ್ಟು ವೇಗ ಇತ್ತು?’ ಅಂತ ಕೇಳಿದರು. ಇನ್ನೊಂದು ಗುಂಪಿಗೆ ‘ಅಪ್ಪಳಿಸಿದಾಗ’ ಅನ್ನುವ ಮಾತು ಹಾಕಿ ಕೇಳಿದರು. ಒಂದು ವಾರ ಬಿಟ್ಟು ಎಲ್ಲರನ್ನೂ ಕರೆಸಿ, ಒಡೆದ ಗಾಜು ನೋಡಿದಿರಾ ಅಂತ ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸಿದಾಗ’ ಅನ್ನುವ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ನೋಡಿದೆವು ಅಂದರು. ‘ತಾಗಿದಾಗ’ ಅಂತ ಕೇಳಿದ್ದ 50 ಜನರಲ್ಲಿ 7 ಮಂದಿ. ಒಂದೇ ಒಂದು ಶಬ್ದ ಬದಲಾದದ್ದಕ್ಕೆ ಅಷ್ಟು ಜನರ ಕಣ್ಣ ಮುಂದೆ ಇಲ್ಲದ ಗಾಜು ಒಡೆದು ಬಿದ್ದಿತ್ತು.

ಇನ್ನೊಂದು, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗಿನದು. 1986ರ ಜನವರಿ 28. ಮಾರನೇ ದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಅಂತ ಬರೆಸಿಕೊಂಡಿದ್ದರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಕೇಳಿದರು. ಸುಮಾರು ಕಾಲುಭಾಗದಷ್ಟು ಜನ ಮುಖ್ಯ ವಿವರಗಳಲ್ಲಿ ಪೂರ್ತಿ ತಪ್ಪಿದ್ದರು. ಆದರೆ ತಾವು ಹೇಳಿದ್ದೇ ಸರಿ ಅನ್ನುವ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ.

ಇದನ್ನು ಓದಿದಾಗ ನನಗೆ ಒಂದು ಗಳಿಗೆ ಸಮಾಧಾನವಾಯಿತು, ಒಪ್ಪಿಕೊಳ್ಳುತ್ತೇನೆ. ಎಲ್ಲರ ನೆನಪೂ ಹೀಗೇ ಅಂದಮೇಲೆ ನನ್ನದು ಸುಳ್ಳಲ್ಲ, ಬರೀ ತಪ್ಪು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಆದರೆ ಆ ಸಮಾಧಾನ ಜಾಸ್ತಿ ಹೊತ್ತು ಉಳಿಯಲಿಲ್ಲ. ಸಂಚಿಕೆ ತೆಗೆದು ನನ್ನ ಬರಹವನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಯಾರನ್ನಾದರೂ ಕೇಳಿ ತಿಳಿಯಬಹುದಾದ ಸಂಗತಿಗಳಿಗೆಲ್ಲ ಗೆರೆ ಎಳೆದೆ. ಆ ದಿನ ಯಾವ ವಾರ, ಮೇಷ್ಟ್ರು ಏನು ಹೇಳಿದರು, ಪಾದರಸ ಯಾರು ಗುಡಿಸಿದರು, ಅವಳು ಎಷ್ಟು ಹೊತ್ತು ಹೊರಗೆ ನಿಂತಳು. ಒಟ್ಟು ಒಂಬತ್ತು ಗೆರೆ. ಅವಳಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ. ಆ ತರಗತಿಯಲ್ಲಿದ್ದ ಇನ್ನೊಬ್ಬ ಗೆಳೆಯನನ್ನೂ ಕೇಳಿದೆ. ವಾರ ತಪ್ಪಾಗಿತ್ತು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಉಳಿದವು ಹಾಗಲ್ಲ. ಅವಳು ‘ಸ್ವಲ್ಪ ಹೊತ್ತು’ ಹೊರಗೆ ನಿಂತಳು ಅಂತ ಬರೆದಿದ್ದೆ. ಅವಳು ಶಾಲೆ ಬಿಡುವ ಗಂಟೆ ಹೊಡೆಯುವವರೆಗೂ ನಿಂತಿದ್ದಳು. ಕಾಗದದ ತುಂಡಿನಲ್ಲಿ ಪಾದರಸ ಒಟ್ಟುಮಾಡಿದ್ದು ನಾನು ಅಂತ ಬರೆದಿದ್ದೆ. ಅದನ್ನೂ ಅವಳೇ ಮಾಡಿದ್ದಳು, ಹೊರಗೆ ಹೋಗುವ ಮುಂಚೆ, ಮೇಷ್ಟ್ರು ಹೇಳಿದ್ದಕ್ಕೆ. ಗೆಳೆಯನಿಗೂ ಅದು ನೆನಪಿತ್ತು.

ಒಂಬತ್ತರಲ್ಲಿ ಆರು ತಪ್ಪು. ಆ ಆರರಲ್ಲಿ ಐದು ನನ್ನನ್ನು ಇದ್ದದ್ದಕ್ಕಿಂತ ಒಳ್ಳೆಯವನನ್ನಾಗಿ ಮಾಡಿದ್ದವು. ಮರೆವು ಅನ್ನುವುದು ಸುಮ್ನೆ ಮರೆವಾಗಿದ್ದರೆ ತಕ್ಕಡಿ ಆಚೆಗೂ ಈಚೆಗೂ ತೂಗಬೇಕಿತ್ತು. ಇದು ಒಂದೇ ಕಡೆ ವಾಲಿತ್ತು. ನನಗೆ ಅವತ್ತು ಹೊಳೆದದ್ದು ಇಷ್ಟೇ: ನೆನಪಿನ ಬರಹದಲ್ಲಿ ತಪ್ಪು ಇದೆಯಾ ಅಂತ ಕೇಳಿದರೆ ಸಾಲದು, ತಪ್ಪೆಲ್ಲ ಸೇರಿ ಯಾರ ಪರವಾಗಿ ನಿಂತಿವೆ ಅಂತ ಕೇಳಬೇಕು. ಆಮೇಲೆ ನಾನು ಓದಿದ ಆತ್ಮಕಥೆಗಳನ್ನೆಲ್ಲ ಇದೇ ಕಣ್ಣಿನಿಂದ ನೋಡತೊಡಗಿದೆ.

ರಿಬ್ಬನ್ ಕದ್ದ ಹುಡುಗ

ಹದಿನೆಂಟನೇ ಶತಮಾನದ ಯುರೋಪಿನ ಚಿಂತಕ ರೂಸೋ ಬರೆದ ಆತ್ಮಕಥೆಯಲ್ಲಿ ನನ್ನ ಥರ್ಮಾಮೀಟರಿನಂಥದೇ ಪ್ರಸಂಗ ಒಂದಿದೆ. ಹದಿನಾರರ ಆಸುಪಾಸಿನ ವಯಸ್ಸಿನಲ್ಲಿ ಅವನು ಟ್ಯೂರಿನ್ ನಗರದ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದ. ಮನೆಯೊಡತಿ ತೀರಿಕೊಂಡ ಮೇಲೆ ಸಾಮಾನು ಲೆಕ್ಕ ಮಾಡುವಾಗ ಒಂದು ಹಳೇ ರಿಬ್ಬನ್ ಕಾಣೆಯಾಗಿತ್ತು. ಕದ್ದದ್ದು ಇವನೇ. ಸಿಕ್ಕಿಬಿದ್ದಾಗ, ಅಡುಗೆ ಕೆಲಸದ ಮರಿಯೋನ್ ಅನ್ನುವ ಹುಡುಗಿ ತನಗೆ ಕೊಟ್ಟಳು ಅಂತ ಅವಳ ತಲೆ ಮೇಲೆ ಹಾಕಿದ. ಎಲ್ಲರ ಮುಂದೆ, ಅವಳ ಮುಖ ನೋಡಿಕೊಂಡೇ. ಅವಳು ಅತ್ತಳು, ನೀನು ಒಳ್ಳೆಯವನು ಅಂದುಕೊಂಡಿದ್ದೆ ಅಂದಳು. ಇಬ್ಬರನ್ನೂ ಕೆಲಸದಿಂದ ತೆಗೆದರು. ಕಳ್ಳಿ ಅನ್ನುವ ಹೆಸರು ಹೊತ್ತ ಆ ಬಡ ಹುಡುಗಿಗೆ ಮುಂದೆ ಎಲ್ಲಿ ಕೆಲಸ ಸಿಕ್ಕೀತು ಅಂತ ರೂಸೋನೇ ಕೇಳಿಕೊಳ್ಳುತ್ತಾನೆ. ಈ ಪಾಪದ ಭಾರ ಇಳಿಸಿಕೊಳ್ಳಬೇಕು ಅನ್ನುವುದೂ ತಾನು ಆತ್ಮಕಥೆ ಬರೆಯಲು ಒಂದು ಕಾರಣ ಅನ್ನುತ್ತಾನೆ.

ಇಷ್ಟು ಧೈರ್ಯದಿಂದ ತನ್ನ ತಪ್ಪು ಹೇಳಿಕೊಂಡವರು ಅವನಿಗೂ ಮುಂಚೆ ಬಹಳ ಇರಲಿಲ್ಲ. ಓದುವಾಗ ಎದೆ ಭಾರವಾಗುತ್ತದೆ. ಆದರೆ ಪೆನ್ಸಿಲ್ ಹಿಡಿದು ಓದಿದರೆ ಬೇರೆಯದೂ ಕಾಣುತ್ತದೆ. ಆ ರಿಬ್ಬನ್ ಅವಳಿಗೇ ಕೊಡಬೇಕು ಅಂತ ಮನಸ್ಸಿನಲ್ಲಿತ್ತು, ಅವಳ ಮೇಲೆ ಪ್ರೀತಿ ಇದ್ದದ್ದಕ್ಕೇ ಅವಳ ಹೆಸರು ಬಾಯಿಗೆ ಬಂತು ಅಂತ ಅವನು ವಿವರಿಸುತ್ತಾನೆ. ಶಿಕ್ಷೆಯ ಭಯ ಇರಲಿಲ್ಲ, ನಾಚಿಕೆ ಇತ್ತು ಅನ್ನುತ್ತಾನೆ. ಇಷ್ಟು ವರ್ಷ ಪಶ್ಚಾತ್ತಾಪಪಟ್ಟು ಋಣ ತೀರಿತು ಅನ್ನುವ ಧಾಟಿಯಲ್ಲಿ ಮುಗಿಸುತ್ತಾನೆ. ಋಣ ತೀರಿತು ಅನ್ನಬೇಕಾದವಳು ಮರಿಯೋನ್. ಅವಳು ಆ ಪುಸ್ತಕ ಓದಿದಳೋ ಇಲ್ಲವೋ ನಮಗೆ ಗೊತ್ತಿಲ್ಲ. ಅದು ಅಚ್ಚಾದದ್ದೇ ರೂಸೋ ಸತ್ತ ಮೇಲೆ, ಮೊದಲ ಭಾಗ 1782ರಲ್ಲಿ. ಅವಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವಳಿಗೆ ಅನ್ಯಾಯ ಮಾಡಿದವನು ಬರೆದದ್ದು ಮಾತ್ರ. ನನಗೆ ಈ ಜಾಗದಲ್ಲಿ ತುಂಬಾ ಸಂಕಟವಾಯಿತು. ನನ್ನ ಮರಿಯೋನ್ ಫೋನ್ ಮಾಡಿದಳು, ಅವಳ ಹತ್ತಿರ ರಸೀದಿ ಇತ್ತು. ಇಲ್ಲದೇ ಹೋಗಿದ್ದರೆ?

ಇದರ ಪಕ್ಕಕ್ಕೆ ಗಾಂಧೀಜಿಯವರ ಆತ್ಮಕಥೆಯ ಒಂದು ರಾತ್ರಿಯನ್ನು ಇಟ್ಟು ನೋಡುತ್ತೇನೆ. 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಬರಹ ಅದು. ತಂದೆಗೆ ಕಾಯಿಲೆ. ಹದಿನಾರರ ಹುಡುಗ ಕಾಲೊತ್ತುತ್ತಿದ್ದಾನೆ. ರಾತ್ರಿ ಹತ್ತೂವರೆಯೋ ಹನ್ನೊಂದೋ. ಚಿಕ್ಕಪ್ಪ ‘ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು’ ಅನ್ನುತ್ತಾರೆ. ಹುಡುಗ ನೇರವಾಗಿ ಹೆಂಡತಿಯ ಕೋಣೆಗೆ ಹೋಗುತ್ತಾನೆ. ಐದಾರು ನಿಮಿಷದಲ್ಲಿ ಆಳು ಬಾಗಿಲು ತಟ್ಟುತ್ತಾನೆ. ತಂದೆ ಹೋಗಿಬಿಟ್ಟಿದ್ದಾರೆ. ಆ ಐದಾರು ನಿಮಿಷವನ್ನು ಅವರು ಬದಲಾಯಿಸಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಬದಲಾಯಿಸಲಿಲ್ಲ. ಇಲ್ಲಿ ಬರಹ ವಾಲಿರುವುದು ಬರೆದವರ ವಿರುದ್ಧಕ್ಕೆ. ಅದಕ್ಕೇ ನಾನು ಅದನ್ನು ನಂಬುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕೋಣೆಯಲ್ಲಿ ಕಸ್ತೂರಬಾ ಕೂಡ ಇದ್ದರು. ಅವರು ಆಗ ಗರ್ಭಿಣಿ, ಹುಟ್ಟಿದ ಮಗು ಮೂರು ನಾಲ್ಕು ದಿನಕ್ಕಿಂತ ಬದುಕಲಿಲ್ಲ. ಅದನ್ನೂ ಗಾಂಧೀಜಿ ತಮ್ಮ ತಪ್ಪಿನ ಲೆಕ್ಕಕ್ಕೇ ಸೇರಿಸಿ ಬರೆದರು. ಕಂತುಗಳು ಪತ್ರಿಕೆಯಲ್ಲಿ ಬರುವಾಗ ಬಾ ಬದುಕಿದ್ದರು. ತನ್ನ ಕೋಣೆಯ ಬಾಗಿಲು ಊರಿಗೆಲ್ಲ ತೆರೆದದ್ದು ಅವರಿಗೆ ಹೇಗನಿಸಿತು ಅನ್ನುವುದು ಆ ಪುಸ್ತಕದಲ್ಲಿ ಇಲ್ಲ. ತನ್ನ ಬಗ್ಗೆ ನಿಜ ಹೇಳುವುದು ದೊಡ್ಡದು. ಆ ನಿಜದೊಳಗೆ ಇನ್ನೊಬ್ಬರ ಮಾನವೂ ಇದ್ದರೆ ಅವರನ್ನು ಕೇಳಬೇಕು ಅಂತ ನನಗೆ ಅನಿಸುತ್ತದೆ. ಗಾಂಧೀಜಿಯ ಮೇಲೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಓದುಗರ ಮುಂದೆ ಕಟ್ಟಿದ ಸುಳ್ಳು

ನೆನಪು ವಾಲುವುದು ಒಂದು. ಗೊತ್ತಿದ್ದೂ ಕಟ್ಟುವುದು ಇನ್ನೊಂದು. ಅಮೆರಿಕದ ಜೇಮ್ಸ್ ಫ್ರೇ 2003ರಲ್ಲಿ ತನ್ನ ವ್ಯಸನದ ದಿನಗಳ ಕತೆ ಅಂತ ಒಂದು ಪುಸ್ತಕ ತಂದ. ಓಪ್ರಾ ವಿನ್‌ಫ್ರೇ ಅದನ್ನು ತನ್ನ ಜನಪ್ರಿಯ ಟಿವಿ ಕಾರ್ಯಕ್ರಮಕ್ಕೆ ಆರಿಸಿಕೊಂಡದ್ದೇ ತಡ, ಲಕ್ಷಗಟ್ಟಲೆ ಪ್ರತಿ ಹೋದವು. 2006ರ ಜನವರಿಯಲ್ಲಿ ಒಂದು ತನಿಖಾ ತಾಣ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿತು. 87 ದಿನ ಜೈಲಿನಲ್ಲಿದ್ದೆ ಅಂತ ಬರೆದಿದ್ದವನು ಕೆಲವೇ ಗಂಟೆ ಠಾಣೆಯಲ್ಲಿದ್ದ. ಮೊದಲು ಅವನ ಪರ ಮಾತಾಡಿದ್ದ ಓಪ್ರಾ, ಅದೇ ತಿಂಗಳ 26ರಂದು ಅವನನ್ನು ಕೂರಿಸಿಕೊಂಡು ಎಲ್ಲರೆದುರು ಪ್ರಶ್ನೆ ಕೇಳಿದರು. ಪ್ರಕಾಶಕರು ಮೋಸಹೋದ ಓದುಗರಿಗೆ ದುಡ್ಡು ವಾಪಸ್ ಕೊಡಲು ಒಪ್ಪಬೇಕಾಯಿತು. ಐದು ವರ್ಷದ ಮೇಲೆ ಓಪ್ರಾ ಮತ್ತೆ ಅವನನ್ನು ಕರೆಸಿ, ಅವತ್ತು ತಾನು ಕರುಣೆ ಇಲ್ಲದೆ ನಡೆದುಕೊಂಡೆ ಅಂತ ಕ್ಷಮೆ ಕೇಳಿದರು. ನನಗೆ ಈ ಕೊನೆಯ ಸಂಗತಿ ಮುಖ್ಯ ಅನಿಸುತ್ತದೆ. ಲೆಕ್ಕ ಕೇಳುವುದಕ್ಕೂ ಒಬ್ಬನನ್ನು ನಿಲ್ಲಿಸಿ ಜನ ನೋಡುವಂತೆ ಮಾಡುವುದಕ್ಕೂ ವ್ಯತ್ಯಾಸ ಇದೆ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಂದು ಪೊಲೀಸ್ ದಾಖಲೆ ತರಿಸಿ ನೋಡುವುದು ಯಾರ ಕೆಲಸವಾಗಿತ್ತು ಅನ್ನುವ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಮಿಶಾ ಡಿಫೊನ್ಸೆಕಾಳದು ಇನ್ನೂ ನೋವಿನ ವಿಷಯ. ನಾಜಿಗಳು ತಂದೆ ತಾಯಿಯನ್ನು ಹಿಡಿದುಕೊಂಡು ಹೋದ ಮೇಲೆ, ಯಹೂದಿ ಹುಡುಗಿಯಾದ ತಾನು ಅವರನ್ನು ಹುಡುಕುತ್ತಾ ಯುರೋಪಿನ ಉದ್ದಕ್ಕೂ ನಡೆದೆ, ತೋಳಗಳ ಜೊತೆ ಬದುಕಿದೆ ಅಂತ ಅವಳು 1997ರಲ್ಲಿ ಬರೆದಳು. 2008ರಲ್ಲಿ ಬೆಲ್ಜಿಯಂನ ಎರಡು ಕಾಗದ ಹೊರಬಂದವು. ಒಂದು ಅವಳ ಕ್ರೈಸ್ತ ದೀಕ್ಷೆಯ ದಾಖಲೆ. ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕ. ಕಾಡಿನಲ್ಲಿದ್ದೆ ಅಂದ 1943ರಲ್ಲಿ ಅವಳ ಹೆಸರು ಶಾಲೆಯಲ್ಲಿತ್ತು. ಅವಳು ಒಪ್ಪಿಕೊಂಡಳು, ಆದರೆ ಅದು ತನ್ನ ಪಾಲಿನ ನಿಜ, ತಾನು ಬದುಕಿ ಉಳಿದ ದಾರಿ ಅಂದಳು. ಅವಳ ತಂದೆ ತಾಯಿಯನ್ನು ನಾಜಿಗಳು ಹಿಡಿದದ್ದು ಮಾತ್ರ ನಿಜವೇ. ಅವಳ ದುಃಖ ಸುಳ್ಳಲ್ಲ. ಆದರೆ ಆ ದುಃಖಕ್ಕೆ ಅವಳು ಬೇರೆಯವರ ಚರ್ಮ ತೊಡಿಸಿದಳು. ಯಹೂದಿಗಳ ಹತ್ಯಾಕಾಂಡ ನಡೆದೇ ಇಲ್ಲ ಅನ್ನುವವರು ಎಂಥ ಸುಳ್ಳು ಸಿಗುತ್ತದೋ ಅಂತ ಕಾದಿರುತ್ತಾರೆ. ನಿಜವಾಗಿ ಬದುಕಿ ಉಳಿದವರ ಮಾತಿನ ಮೇಲೂ ಆಮೇಲೆ ಅನುಮಾನದ ನೆರಳು ಬೀಳುತ್ತದೆ. ಇದನ್ನು ಓದುವಾಗಲೆಲ್ಲ ನನಗೆ ಆ ಹಳದಿ ರಸೀದಿ ನೆನಪಾಗುತ್ತದೆ. ಯಾವುದೋ ಗುಮಾಸ್ತ ಯಾವುದೋ ಬೆಳಿಗ್ಗೆ ಬರೆದ ಒಂದು ಸಾಲು ಎಷ್ಟೋ ವರ್ಷ ಸುಮ್ಮನೆ ಕಾದು ಕೂತಿರುತ್ತದೆ.

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ರಿಗೊಬೆರ್ಟಾ ಮೆಂಚುವನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ. 1983ರಲ್ಲಿ ಬಂದ ಅವರ ಜೀವನ ಕಥನದಿಂದ ಅಲ್ಲಿನ ಮೂಲನಿವಾಸಿಗಳ ಮೇಲೆ ಸೈನ್ಯ ನಡೆಸಿದ ಕ್ರೌರ್ಯ ಜಗತ್ತಿಗೆ ಗೊತ್ತಾಯಿತು. 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1999ರಲ್ಲಿ ಮಾನವಶಾಸ್ತ್ರಜ್ಞ ಡೇವಿಡ್ ಸ್ಟಾಲ್, ಅವರು ಕಣ್ಣಾರೆ ಕಂಡೆ ಅಂದ ಕೆಲವನ್ನು ಕಂಡಿರಲಿಲ್ಲ ಅಂತ ತೋರಿಸಿದರು. ಅದೇ ವರ್ಷ ವಿಶ್ವಸಂಸ್ಥೆಯ ಬೆಂಬಲದ ಸತ್ಯ ಆಯೋಗ ವರದಿ ಕೊಟ್ಟಿತು. ಅಲ್ಲಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ದಾಖಲಾದ ದೌರ್ಜನ್ಯಗಳಲ್ಲಿ 93 ಶೇಕಡಾ ಸರ್ಕಾರದ ಪಡೆಗಳು ಮತ್ತು ಅವುಗಳ ಜೊತೆಗಿದ್ದ ಗುಂಪುಗಳು ಮಾಡಿದವು. ಮೆಂಚು ಅವರ ತಮ್ಮನನ್ನು ಸೈನ್ಯ ಕೊಂದದ್ದು ನಿಜ. ಅದನ್ನು ಅವರು ಎದುರಿಗೇ ನಿಂತು ನೋಡಿದರೋ ಇಲ್ಲವೋ ಅನ್ನುವುದು ಪ್ರಶ್ನೆ. ‘ನಾನು ನೋಡಿದೆ’ ಅನ್ನುವುದು ಒಂದು ವಾಕ್ಯ, ‘ನಮ್ಮವರಿಗೆ ಹೀಗಾಯಿತು’ ಅನ್ನುವುದು ಇನ್ನೊಂದು. ಎರಡನೆಯದನ್ನೇ ಹೇಳಿದ್ದರೂ ಸಾಕಿತ್ತು, ಯಾರೂ ಬೆರಳು ತೋರಿಸಲು ಆಗುತ್ತಿರಲಿಲ್ಲ ಅಂತ ನನಗೆ ಬೇಸರವಿದೆ. ಆದರೆ ಎರಡನೆಯದನ್ನು ಹೇಳಿದ್ದರೆ ಜಗತ್ತು ಕಿವಿ ಕೊಡುತ್ತಿತ್ತಾ? ದನಿ ಇಲ್ಲದವರಿಂದ ನಾವು ಕಣ್ಣಾರೆ ಕಂಡ ಸಾಕ್ಷಿಯನ್ನೇ ಕೇಳುತ್ತೇವೆ. ಅಧಿಕಾರದಲ್ಲಿದ್ದವರು ಬರೆದರೆ ಮಾತ್ರ ಗೌರವದಿಂದ ಓದಿ ಕಪಾಟಿನಲ್ಲಿ ಇಡುತ್ತೇವೆ.

ಅಧಿಕಾರದಲ್ಲಿದ್ದವರ ನೆನಪು

ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಹಿಟ್ಲರನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ತಲೆ ತಗ್ಗಿಸಿ ಜವಾಬ್ದಾರಿ ಹೊತ್ತಂತೆ ಮಾತಾಡಿದ. ನೇಣು ತಪ್ಪಿತು, 20 ವರ್ಷ ಸೆರೆಯಾಯಿತು. 1966ರಲ್ಲಿ ಹೊರಬಂದು 1969ರಲ್ಲಿ ನೆನಪಿನ ಪುಸ್ತಕ ಬರೆದ. ಅದು ಎಲ್ಲ ಕಡೆ ಮಾರಾಟವಾಯಿತು. ಅದರಲ್ಲಿ ಅವನು ಹೇಳಿದ್ದು, ತಾನು ಕೇಳಬೇಕಿತ್ತು, ಕೇಳಲಿಲ್ಲ, ಆದ್ದರಿಂದ ತಿಳಿಯಲಿಲ್ಲ ಅಂತ. ಯಹೂದಿಗಳನ್ನೆಲ್ಲ ಕೊಲ್ಲುತ್ತಿರುವುದನ್ನು ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಬಾಯಿಬಿಟ್ಟು ಹೇಳಿದ ಸಭೆ ಪೋಸನ್‌ ನಗರದಲ್ಲಿ 1943ರ ಅಕ್ಟೋಬರ್ 6ರಂದು ನಡೆದಿತ್ತು. ಆ ಭಾಷಣದ ಹೊತ್ತಿಗೆ ತಾನು ಅಲ್ಲಿರಲಿಲ್ಲ ಅಂತ ಅವನು ಸಾಯುವವರೆಗೂ ಸಾಧಿಸಿದ. ಅದಕ್ಕೆ ಬೇಕಾದ ಸಾಕ್ಷಿ ಹೇಳಿಕೆಗಳನ್ನೂ ಒಟ್ಟುಮಾಡಿದ. 2007ರಲ್ಲಿ ಅವನದೇ ಒಂದು ಪತ್ರ ಬೆಳಕಿಗೆ ಬಂತು. 1971ರ ಡಿಸೆಂಬರಿನಲ್ಲಿ, ಬೆಲ್ಜಿಯಂನ ಪ್ರತಿರೋಧ ಹೋರಾಟಗಾರನೊಬ್ಬನ ವಿಧವೆಗೆ ಬರೆದದ್ದು. ಅನುಮಾನವೇ ಇಲ್ಲ, ನಾನು ಅಲ್ಲಿದ್ದೆ ಅಂತ ಅದರಲ್ಲಿ ಒಪ್ಪಿಕೊಂಡಿದ್ದ.

ಒಬ್ಬಳು ಹೆಂಗಸಿನ ಎದುರು ಗುಟ್ಟಾಗಿ ನಿಜ ಹೇಳಿದ, ಓದುವ ಜಗತ್ತಿಗೆಲ್ಲ ಸುಳ್ಳು ಹೇಳಿದ. ಅವನ ಪುಸ್ತಕದಲ್ಲಿ ಪಶ್ಚಾತ್ತಾಪದ ಮಾತು ಹೇರಳವಾಗಿದೆ. ಅದಕ್ಕೇ ಜನ ನಂಬಿದರು. ದೊಡ್ಡ ತಪ್ಪನ್ನು ಮುಚ್ಚಲು ಸಣ್ಣ ತಪ್ಪನ್ನು ಧಾರಾಳವಾಗಿ ಒಪ್ಪಿಕೊಳ್ಳುವ ಈ ವಿದ್ಯೆ ನನಗೆ ಅಪರಿಚಿತವಲ್ಲ. ಮೇಷ್ಟ್ರು ಕೇಳಿದಾಗ ನಾನು ಸುಮ್ಮನಿದ್ದೆ ಅಂತ ನಾನೂ ಬರೆದಿದ್ದೆನಲ್ಲ. ಆ ಒಂದು ಸಾಲಿನ ಪ್ರಾಮಾಣಿಕತೆ ನೋಡಿಯೇ ಓದಿದವರು ಮುಂದಿನ ಸುಳ್ಳನ್ನು ನಂಬಿದ್ದು. ಸ್ಪೀರ್ ಮಾಡಿದ್ದಕ್ಕೂ ಒಂದು ಥರ್ಮಾಮೀಟರಿಗೂ ಹೋಲಿಕೆ ಇಲ್ಲ, ಇರಬಾರದು. ಆದರೆ ಮಾತು ಹೆಣೆಯುವ ರೀತಿ ಒಂದೇ.

ವಿಯೆಟ್ನಾಂ ಯುದ್ಧ ನಡೆಸಿದ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ 1995ರಲ್ಲಿ ನಾವು ತಪ್ಪು ಮಾಡಿದೆವು, ಘೋರ ತಪ್ಪು ಮಾಡಿದೆವು ಅಂತ ಬರೆದರು. ಅವರು ಹುದ್ದೆ ಬಿಟ್ಟದ್ದು 1968ರಲ್ಲಿ. ಯುದ್ಧ ಮುಗಿದದ್ದು 1975ರಲ್ಲಿ. ನಡುವಿನ ಏಳು ವರ್ಷ ಅವರು ಜನರ ಮುಂದೆ ಈ ಮಾತು ಆಡಲಿಲ್ಲ. ಹೇಳಿದ್ದು ನಿಜ ಇರಬಹುದು, ಆದರೆ ಆ ನಿಜ ಯಾರ ಪ್ರಾಣ ಉಳಿಸಬಹುದಿತ್ತೋ ಅವರು ಆಗಲೇ ಸತ್ತಿದ್ದರು. ಸಾರ್ವಜನಿಕ ಹುದ್ದೆಯಲ್ಲಿದ್ದವರ ನೆನಪಿಗೆ ಕಾಲದ ಲೆಕ್ಕವೂ ಇರಬೇಕು. ಯಾವಾಗ ಗೊತ್ತಾಯಿತು, ಯಾವಾಗ ಹೇಳಿದಿರಿ? ಕಡತ, ಟಿಪ್ಪಣಿ, ಸಭೆಯ ನಡಾವಳಿ ಎಲ್ಲ ಅವರ ಕೈಗೆ ಸಿಗುತ್ತವೆ. ‘ನನಗೆ ನೆನಪಿರುವಂತೆ’ ಅನ್ನುವ ರಿಯಾಯಿತಿ ಸಾಮಾನ್ಯ ಮನುಷ್ಯನಿಗೆ ಇರಲಿ. ಸಹಿ ಹಾಕಿದವರಿಗೆ ಅದನ್ನು ಅಷ್ಟು ಸುಲಭವಾಗಿ ಕೊಡಬಾರದು.

ತಿದ್ದುಪಡಿ

ನನ್ನ ವಿಷಯಕ್ಕೆ ಬರುತ್ತೇನೆ. ಪತ್ರಿಕೆಯವರಿಗೆ ಫೋನ್ ಮಾಡಿ ತಿದ್ದುಪಡಿ ಹಾಕಬೇಕು ಅಂದೆ. ಫೋನ್ ಎತ್ತಿದವರಿಗೆ ಆಶ್ಚರ್ಯವಾಯಿತು. ‘ಶಾಲೆ ದಿನಗಳ ಬರಹಕ್ಕೆ ಯಾರು ತಿದ್ದುಪಡಿ ಹಾಕ್ತಾರೆ ಸಾರ್? ಭಾವ ಮುಖ್ಯ’ ಅಂದರು. ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಬಹಳ ಜನ ಹಾಗೇ ತಿಳಿದಿದ್ದಾರೆ. ಒತ್ತಾಯ ಮಾಡಿದ ಮೇಲೆ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು. ಎರಡು ಪುಟ ಓದಿ ಮೆಚ್ಚಿಕೊಂಡವರಲ್ಲಿ ಎಷ್ಟು ಮಂದಿ ಆ ಮೂಲೆ ನೋಡಿದರೋ. ಅದಕ್ಕೇ ಈ ಬರಹ ಅಷ್ಟೇ ಉದ್ದಕ್ಕೆ, ಅದಕ್ಕಿಂತಲೂ ಉದ್ದಕ್ಕೆ ಬರೆಯಬೇಕು ಅನಿಸಿತು. ಸುಳ್ಳು ಎಷ್ಟು ಜಾಗ ತೆಗೆದುಕೊಂಡಿತ್ತೋ ನಿಜಕ್ಕೂ ಅಷ್ಟು ಜಾಗ ಸಿಗಬೇಕು.

ಈಗ ನೆನಪಿನಿಂದ ಏನಾದರೂ ಬರೆದರೆ ನಾನು ಮೊದಲು ಅದರೊಳಗಿನವರಿಗೆ ಕಳಿಸುತ್ತೇನೆ. ಅವರು ಹೇಳಿದಂತೆ ಎಲ್ಲ ಬದಲಾಯಿಸುತ್ತೇನೆ ಅಂತಲ್ಲ. ಒಮ್ಮೊಮ್ಮೆ ಅವರ ನೆನಪೂ ಅವರ ಕಡೆ ವಾಲಿರುತ್ತದೆ. ಆಗ ಎರಡನ್ನೂ ಬರೆಯುತ್ತೇನೆ. ಆಡಿದ ಮಾತು ಅಕ್ಷರಶಃ ನೆನಪಿಲ್ಲದಿದ್ದರೆ ಆ ಮಾತಿಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ. ಹೆಸರು ಬದಲಿಸಿದರೆ ಹೇಳಿಬಿಡುತ್ತೇನೆ. ಇದರಿಂದ ಬರಹದ ಓಘ ಕೆಡುತ್ತದೆ ಅನ್ನುವವರಿದ್ದಾರೆ. ಸ್ವಲ್ಪ ಕೆಡುತ್ತದೆ, ನಿಜ. ಇನ್ನು ನನ್ನನ್ನು ಇದ್ದದ್ದಕ್ಕಿಂತ ಕೆಟ್ಟವನಾಗಿ ತೋರಿಸಿ ಚಪ್ಪಾಳೆ ಗಿಟ್ಟಿಸುವ ಆಸೆಯೂ ಬರುತ್ತದೆ. ಅದೂ ಒಂದು ವಾಲುವಿಕೆಯೇ. ಈ ಬರಹದಲ್ಲೇ ಅಂಥ ಎರಡು ಸಾಲು ಹೊಡೆದುಹಾಕಿದ್ದೇನೆ.

ಇದನ್ನೂ ಅವಳಿಗೆ ಕಳಿಸಿದ್ದೆ. ಒಂದು ವಾರ ಸುದ್ದಿ ಇರಲಿಲ್ಲ. ಆಮೇಲೆ ಫೋನ್ ಮಾಡಿದಳು. ರಸೀದಿಯ ವಿಷಯ ಬರೆದದ್ದು ಸರಿಯಾಗಿದೆ ಅಂದಳು. ಅಪ್ಪನ ಬಗ್ಗೆ ನಾನು ಒಂದು ಪ್ಯಾರಾ ಬರೆದಿದ್ದೆ. ಆ ದಂಡದ ರಸೀದಿ ಕೈಗೆ ಬಂದ ಸಂಜೆ ಅವರ ಮನೆಯಲ್ಲಿ ಏನಾಯಿತು ಅಂತ ಅವಳೇ ನನಗೆ ಹೇಳಿದ್ದು. ಅದು ಬೇಡ ಅಂದಳು. ‘ಅದು ನಿಜ ಕಣೋ. ಆದರೆ ಅಪ್ಪ ಇಲ್ಲ ಈಗ. ಅವರಿಗೆ ಉತ್ತರ ಹೇಳೋಕೆ ಆಗಲ್ಲ.’ ಆ ಪ್ಯಾರಾ ತೆಗೆದೆ. ಫೋನ್ ಇಡುವ ಮುಂಚೆ ಅವಳು ಇನ್ನೊಂದು ಕೇಳಿದಳು. ಅವತ್ತು ಹೊರಗೆ ನಿಂತಿದ್ದಾಗ ಕಿಟಕಿಯಿಂದ ಒಳಗೆ ನೋಡುತ್ತಿದ್ದಳಂತೆ. ನಾನು ಪ್ರಯೋಗ ಮುಂದುವರಿಸುತ್ತಿದ್ದೆನಂತೆ, ಪಕ್ಕದ ಬೆಂಚಿನವರ ಥರ್ಮಾಮೀಟರ್ ಇಸಕೊಂಡು. ‘ಅದು ನಿನಗೆ ನೆನಪಿದೆಯಾ?’

ಇಲ್ಲ ಅಂದೆ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ‘ಹಾಗಾದರೆ ನಾನು ಹೇಳಿದೆ ಅಂತಲೇ ಬರಿ’ ಅಂದಳು.